ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲ್

ಆಸ್ಪತ್ರೆಗೆ ಸೇರಿದ ರೋಗಿಯನ್ನು ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಪರೀಕ್ಷಿಸುತ್ತಾರೆ. ಔಷಧವನ್ನು ಗೊತ್ತುಮಾಡಿ ಮುಂದಿನ ಹಾಸಿಗೆಯತ್ತ ಸಾಗುತ್ತಾರೆ. ಆ ಔಷಧವನ್ನು ಹೊತ್ತುಹೊತ್ತಿಗೆ ಕೊಡುವವರು, ಜ್ವರದ ಏರಿಳಿತವನ್ನು ಗುರುತಿಸಿ ಬರೆದಿಡುವವರು, ಗಾಯವನ್ನು ತೊಳೆದು ಬಟ್ಟೆ ಕಟ್ಟುವವರು, ನಡುರಾತ್ರಿಯಲ್ಲಿ ರೋಗಿ ನರಳಿದರೆ ಬಳಿಗೆ ಓಡಿಬರುವವರು ದಾದಿಯರು. ಇಂದು ಈ ವೃತ್ತಿಯನ್ನು ಕೈಕೊಳ್ಳಬೇಕೆನ್ನುವವರು ವರ್ಷಗಟ್ಟಲೆ ವ್ಯಾಸಂಗ ಮಾಡಬೇಕು, ವಾರ್ಡುಗಳಲ್ಲಿ ದುಡಿದು ಅನುಭವ ಪಡೆಯಬೇಕು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಕಡೆಗೆ ಕಾಯಿದೆಯಂತೆ ಏರ್ಪಟ್ಟ ಮಂಡಲಿಯ ದಾಖಲೆಯಲ್ಲಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆಯೇ ರೋಗಿಯ ಪ್ರಾಣವನ್ನು ಕಾಯುವ ಹೊಣೆ ಅವರ ಕೈಗೆ ಬರುತ್ತದೆ.

ಸುಮಾರು ಇನ್ನೂರು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆ ಎಂದರೆ ಬಡವರ ಪಾಲಿನ ಕೊನೆಯ ಆಶ್ರಯ. ಉಳ್ಳವರು ಕಾಯಿಲೆಯಾದರೆ ಮನೆಯಲ್ಲಿಯೇ ಚಿಕಿತ್ಸೆ ಪಡೆಯುತ್ತಿದ್ದರು. ಆಸ್ಪತ್ರೆಯ ಕೋಣೆಗಳು ಕೊಳಕಾಗಿ, ಗಾಳಿಯಾಡದೆ, ದುರ್ವಾಸನೆಯಿಂದ ಕೂಡಿದ್ದವು. ಅಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸರಿಗೆ ಶಿಕ್ಷಣವಿರಲಿಲ್ಲ, ತರಬೇತಿಯಿರಲಿಲ್ಲ. ಸಿಗುತ್ತಿದ್ದ ಕೂಲಿ ಅತ್ಯಲ್ಪ. ಬೇರೆ ಗತಿಯಿಲ್ಲದವರು ಸೇರುವ ಕೆಲಸವೆಂದೂ, ಕುಡಿತಕ್ಕೂ ದುರ್ನಡತೆಗೂ ಎಡೆಗೊಟ್ಟ ಕಸುಬೆಂದೂ ಅದಕ್ಕೆ ಕೆಟ್ಟ ಹೆಸರಿತ್ತು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ದಾದಿಯಾಗುವಳೆಂದರೆ ಕುಲಕ್ಕೆ ಕಳಂಕ ಬಂದಂತೆ ಎಂದು ಜನ ಭಾವಿಸುತ್ತಿದ್ದರು. ಇಂತಹ ಕೆಲಸವನ್ನು ಲೋಕವೇ ಗೌರವಿಸುವ ವೃತ್ತಿಯನ್ನಾಗಿ ಮಾರ್ಪಡಿಸುವುದಕ್ಕೆ ತನ್ನ ಬಾಳನ್ನೇ ಮುಡಿಪಾಗಿಟ್ಟವಳು ಫ್ಲಾರೆನ್ಸ್ ನೈಟಿಂಗೇಲ್.

ಫ್ಲಾರೆನ್ಸ್ ಹುಟ್ಟಿದ್ದು 1820ನೆಯ ಇಸವಿ ಮೇ 12ರಂದು. ಆಕೆಯ ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ಇಂಗ್ಲೆಂಡಿನ ದೊಡ್ಡ ಜಮೀನುದಾರ. ತಾಯಿ ಫ್ಯಾನಿ, ಗುಲಾಮಗಿರಿಯ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದ ವಿಲಿಯಂ ಸ್ಮಿತ್ ಎಂಬುವನ ಮಗಳು. ದಂಪತಿಗಳು ಇಟಲಿಯ ಪ್ರವಾಸದಲ್ಲಿದ್ದಾಗ ಈ ಮಗು ಜನಿಸಿತು. ಹುಟ್ಟಿದ ಊರಾದ ಫ್ಲಾರೆನ್ಸ್ ನಗರದ ಹೆಸರನ್ನೇ ಮಗುವಿಗೆ ಇಟ್ಟರು. ಆಕೆಗಿಂತ ಒಂದು ವರ್ಷ ಮೊದಲು ನೇಪಲ್ಸ್ ನಗರದಲ್ಲಿ ಹುಟ್ಟಿದ್ದ ಅಕ್ಕನಿಗೆ ಆ ನಗರದ ಪ್ರಾಚೀನ ಗ್ರೀಕ್ ಹೆಸರಾದ ಪಾರ್ಥೆನೋಪಿ ಎಂಬ ಹೆಸರು ಬಂದಿತ್ತು.

ಕುಟುಂಬಕ್ಕೆ ಡರ್ಬಿಷೈರಿನಲ್ಲಿ ಒಂದು, ಹ್ಯಾಂಪ್‌ಷೈರಿನಲ್ಲಿ ಒಂದು, ಹೀಗೆ ಎರಡು ಭವ್ಯವಾದ ಬಂಗಲೆಗಳಿದ್ದವು. ಆಳುಕಾಳುಗಳು, ಸಾರೋಟುಗಳು, ಔತಣಕೂಟಗಳು, ಯಾವುದಕ್ಕೂ ಕೊರತೆಯಿರಲಿಲ್ಲ. ತಂದೆ ವಿದ್ಯಾಪಕ್ಷಪಾತಿ. ಹೆಣ್ಣುಮಕ್ಕಳಿಗೆ ಹೊಲಿಗೆ ಸಂಗೀತಗಳೇ ಸಾಕೆಂದು ಇತರರು ತಿಳಿದಿದ್ದ ಕಾಲದಲ್ಲಿ ಆತ ತನ್ನ ಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳನ್ನೂ ಇತಿಹಾಸ, ತತ್ತ್ವಶಾಸ್ತ್ರಗಳನ್ನೂ ತಾನೇ ಕುಳಿತು ಕಲಿಸಿದನು. ಫ್ಲಾರೆನ್ಸಳಿಗೆ ಗಣಿತದಲ್ಲಿ ವಿಶೇಷವಾದ ಒಲವು. ಅಂಕಿಗಳನ್ನು ಓರಣವಾಗಿ ಪಟ್ಟಿಮಾಡುವುದೆಂದರೆ ಆಕೆಗೆ ಅಚ್ಚುಮೆಚ್ಚು. ಈ ಒಲವೇ ಮುಂದೆ ಸಹಸ್ರಾರು ಜೀವಗಳನ್ನು ಉಳಿಸುವ ಸಾಧನವಾಯಿತು.

ಹದಿನಾರು ತುಂಬಿ ಹದಿನೇಳು ನಡೆಯುತ್ತಿದ್ದಾಗ, 1837ರ ಫೆಬ್ರವರಿಯಲ್ಲಿ, ತನ್ನನ್ನು ಭಗವಂತ ಯಾವುದೋ ಸೇವೆಗಾಗಿ ಕರೆಯುತ್ತಿದ್ದಾನೆಂಬ ದೃಢವಾದ ಭಾವನೆ ಆಕೆಯಲ್ಲಿ ಮೂಡಿತು. ಆ ಸೇವೆ ಯಾವುದೆಂಬುದು ಮಾತ್ರ ಒಡನೆಯೇ ಸ್ಪಷ್ಟವಾಗಲಿಲ್ಲ. ತಮ್ಮ ಜಮೀನಿನ ಸುತ್ತಮುತ್ತಲಿನ ಗುಡಿಸಲುಗಳಲ್ಲಿ ಕಾಯಿಲೆ ಬಿದ್ದವರನ್ನು ನೋಡಲು ಹೋಗುತ್ತ, ಅವರಿಗೆ ಗಂಜಿಯನ್ನೂ ಔಷಧವನ್ನೂ ಕೊಡುತ್ತ ಹೋದಂತೆ ಆಕೆಯ ಮನಸ್ಸು ಒಂದೆಡೆ ನಿಂತಿತು. ರೋಗಿಗಳ ಶುಶ್ರೂಷೆಯೇ ತನ್ನ ಬಾಳಿನ ಕೆಲಸವೆಂದು 1844ರ ವೇಳೆಗೆ ಆಕೆ ನಿಶ್ಚಯಿಸಿದಳು. ಮರುಕವೊಂದೇ ಇದಕ್ಕೆ ಸಾಲದು, ತಿಳಿವಳಿಕೆಯೂ ಬೇಕು ಎಂಬುದು ಆ ಗುಡಿಸಲುಗಳಲ್ಲಿಯೇ ಆಕೆಗೆ ಮನದಟ್ಟಾಗಿತ್ತು.

1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ಕೆಲಸ ಕಲಿಯಲು ಅನುಮತಿ ಬೇಕೆಂದು ಫ್ಲಾರೆನ್ಸ್ ಮನೆಯವರನ್ನು ಕೇಳಿದಳು. ಮನೆಯಲ್ಲಿ ಬಿರುಗಾಳಿಯೇ ಎದ್ದಿತು. ತಾಯಿ ಕಣ್ಣೀರಿಟ್ಟಳು, ಅಕ್ಕ ಕೆರಳಿದಳು, ತಂದೆ ಬೇಸರದಿಂದ ದೂರ ಸರಿದನು. ಆಕೆ ಎದೆಗುಂದಿದರೂ ಛಲ ಬಿಡಲಿಲ್ಲ. ಬೆಳಗಿನ ಜಾವಕ್ಕೇ ಎದ್ದು, ದೀಪದ ಬೆಳಕಿನಲ್ಲಿ, ಯೂರೋಪಿನ ಆಸ್ಪತ್ರೆಗಳ ವರದಿಗಳನ್ನು ಒಂದೊಂದಾಗಿ ತರಿಸಿ ಓದಿ ಟಿಪ್ಪಣಿ ಮಾಡಿಕೊಂಡಳು. ಹಗಲು ಮನೆವಾರ್ತೆಯಲ್ಲಿಯೂ ಅತಿಥಿಗಳ ಉಪಚಾರದಲ್ಲಿಯೂ ಕಳೆಯುತ್ತಿತ್ತು. ಈ ನಡುವೆ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಕವಿಯೂ ರಾಜಕಾರಣಿಯೂ ಆದ ಸುಸಂಸ್ಕೃತನು ಆಕೆಯನ್ನು ವಿವಾಹವಾಗಲು ಹಲವು ವರ್ಷ ಕಾದನು. ಆತನಲ್ಲಿ ಆಕೆಗೆ ಪ್ರೀತಿಯೂ ಇತ್ತು. ಆದರೆ ಮದುವೆಯಾದರೆ ತಾನು ಮತ್ತೆ ಅದೇ ಔತಣಕೂಟಗಳ ಬಾಳಿಗೆ ಸೆರೆಯಾಗುವೆನೆಂದು ಬಗೆದು, 1849ರಲ್ಲಿ ಆತನಿಗೆ ಕಡೆಯದಾಗಿ ಒಲ್ಲೆನೆಂದಳು. ಆ ನಿರ್ಧಾರದ ನೋವು ಬಹುಕಾಲ ಆಕೆಯನ್ನು ಕಾಡಿತು.

ಜರ್ಮನಿಯಲ್ಲಿ ರೈನ್ ನದಿಯ ದಡದ ಕೈಸರ್ಸ್‌ವರ್ತ್ ಎಂಬ ಊರಿನಲ್ಲಿ ಫ್ಲೀಡ್ನರ್ ಎಂಬ ಪಾದ್ರಿಯೂ ಆತನ ಪತ್ನಿಯೂ 1836ರಲ್ಲಿ ಒಂದು ಆಸ್ಪತ್ರೆಯನ್ನು ಸ್ಥಾಪಿಸಿ, ಸೇವಾಮನೋಭಾವದ ಹೆಣ್ಣುಮಕ್ಕಳಿಗೆ ಶುಶ್ರೂಷೆಯನ್ನು ಕ್ರಮವಾಗಿ ಕಲಿಸುತ್ತಿದ್ದರು. 1850ರಲ್ಲಿ ಪ್ರವಾಸದಿಂದ ಮರಳುವಾಗ ಫ್ಲಾರೆನ್ಸ್ ಅಲ್ಲಿ ಎರಡು ವಾರ ತಂಗಿದಳು. ಮರುವರ್ಷ ಮನೆಯವರ ಮುನಿಸನ್ನು ಲೆಕ್ಕಿಸದೆ ಮೂರು ತಿಂಗಳು ವಿದ್ಯಾರ್ಥಿನಿಯಾಗಿ ನಿಂತಳು. ತಾಯಿಯೂ ಅಕ್ಕನೂ ಅದೇ ಸಮಯದಲ್ಲಿ ಕಾರ್ಲ್ಸ್‌ಬಾಡಿನ ಬುಗ್ಗೆಗಳಲ್ಲಿ ಜಲಚಿಕಿತ್ಸೆ ಪಡೆಯುತ್ತಿದ್ದರು. ಫ್ಲಾರೆನ್ಸ್ ಎಲ್ಲಿಗೆ ಹೋಗಿರುವಳೆಂಬುದು ನಾಲ್ಕು ಜನರಿಗೆ ತಿಳಿಯಬಾರದೆಂಬುದು ಅವರ ಕಳವಳ. ಕೈಸರ್ಸ್‌ವರ್ತಿನಲ್ಲಿ ಬೆಳಗಿನ ಐದು ಗಂಟೆಗೇ ದಿನ ಆರಂಭವಾಗುತ್ತಿತ್ತು, ಊಟ ತೀರ ಸರಳ, ದುಡಿಮೆಗೆ ಬಿಡುವಿಲ್ಲ. ಮೂವತ್ತೊಂದು ವರ್ಷದ ಫ್ಲಾರೆನ್ಸ್ ಜೀವನದಲ್ಲಿ ಮೊದಲ ಬಾರಿಗೆ ಪೂರ್ಣವಾದ ತೃಪ್ತಿಯನ್ನು ಕಂಡಳು.

ಎರಡು ವರ್ಷಗಳ ನಂತರ, 1853ರ ಆಗಸ್ಟಿನಲ್ಲಿ, ಲಂಡನ್ನಿನ ಹಾರ್ಲಿ ಬೀದಿಯಲ್ಲಿದ್ದ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾಗಿ ಆಕೆ ಕೆಲಸಕ್ಕೆ ಸೇರಿದಳು. ಅದು ಬಡತನಕ್ಕೆ ಬಿದ್ದ ಸಂಭಾವಿತ ಮಹಿಳೆಯರಿಗಾಗಿ ಇದ್ದ ಆಸ್ಪತ್ರೆ. ಸಂಬಳವಿರಲಿಲ್ಲ, ತಂದೆ ಮನಸ್ಸು ಕರಗಿ ವರ್ಷಕ್ಕೆ 500 ಪೌಂಡುಗಳನ್ನು ಗೊತ್ತುಮಾಡಿಕೊಟ್ಟನು. ದಾದಿಯರ ಶಕ್ತಿ ಮೆಟ್ಟಿಲು ಹತ್ತಿಳಿಯುವುದರಲ್ಲಿಯೇ ವ್ಯಯವಾಗುತ್ತಿರುವುದನ್ನು ಆಕೆ ಗಮನಿಸಿದಳು. ಪ್ರತಿಯೊಂದು ಅಂತಸ್ತಿಗೂ ಕೊಳವೆಯ ಮೂಲಕ ಬಿಸಿನೀರು ಬರಬೇಕು, ಊಟವನ್ನು ಮೇಲೆ ಸಾಗಿಸಲು ಒಂದು ಏರುಯಂತ್ರವಿರಬೇಕು, ರೋಗಿ ಗಂಟೆ ಬಾರಿಸಿದರೆ ಯಾರು ಬಾರಿಸಿದರೆಂದು ದಾದಿಗೆ ತಿಳಿಯುವಂತಿರಬೇಕು ಎಂದು ಹಟಹಿಡಿದು ಅವೆಲ್ಲವನ್ನೂ ಮಾಡಿಸಿದಳು. ಯಾವ ಮತಕ್ಕೆ ಸೇರಿದ ರೋಗಿಯೇ ಆಗಲಿ ಪ್ರವೇಶವಿರಬೇಕೆಂದು ಆಡಳಿತ ಸಮಿತಿಯನ್ನು ಒಪ್ಪಿಸಿದಳು. ಶುಶ್ರೂಷೆಯಲ್ಲಿ ಕರುಣೆಯಷ್ಟೇ ವ್ಯವಸ್ಥೆಯೂ ಮುಖ್ಯವೆಂಬುದನ್ನು ಆಕೆ ಮಾಡಿ ತೋರಿಸಿದ್ದು ಇಲ್ಲಿಯೇ.

1854ರಲ್ಲಿ ರಷ್ಯದ ವಿರುದ್ಧ ತುರ್ಕಿಯ ಪರವಾಗಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳು ಯುದ್ಧಕ್ಕೆ ಇಳಿದವು. ಕಪ್ಪುಸಮುದ್ರದ ಕ್ರಿಮಿಯ ಪರ್ಯಾಯದ್ವೀಪ ರಣರಂಗವಾಯಿತು. ಗಾಯಗೊಂಡ ಇಂಗ್ಲಿಷ್ ಸೈನಿಕರನ್ನು ಹಡಗುಗಳಲ್ಲಿ ತುಂಬಿ, ಕಾನ್‌ಸ್ಟಾಂಟಿನೋಪಲ್ ನಗರದ ಎದುರು ದಡದಲ್ಲಿರುವ ಸ್ಕುಟಾರಿ ಎಂಬಲ್ಲಿಗೆ ತರುತ್ತಿದ್ದರು. ಅಲ್ಲಿ ಹಾಸಿಗೆಯಿಲ್ಲದೆ, ಬಟ್ಟೆಯಿಲ್ಲದೆ, ನೋಡುವವರಿಲ್ಲದೆ ಅವರು ಸಾಯುತ್ತಿದ್ದ ಬಗೆಯನ್ನು ಟೈಮ್ಸ್ ಪತ್ರಿಕೆ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ದೇಶದಲ್ಲಿ ಹಾಹಾಕಾರವೆದ್ದಿತು. ಯುದ್ಧ ಖಾತೆಯ ಕಾರ್ಯದರ್ಶಿಯಾಗಿದ್ದ ಸಿಡ್ನಿ ಹರ್ಬರ್ಟ್ ಫ್ಲಾರೆನ್ಸಳ ಸ್ನೇಹಿತ. ದಾದಿಯರ ತಂಡವನ್ನು ಕಟ್ಟಿಕೊಂಡು ಹೋಗಬೇಕೆಂದು ಆತ ಆಕೆಗೆ ಪತ್ರ ಬರೆದನು. ತಾನು ಹೋಗಲು ಸಿದ್ಧಳೆಂದು ಆಕೆಯೂ ಅದೇ ವೇಳೆಗೆ ಪತ್ರ ಬರೆದಿದ್ದಳು. ಎರಡು ಪತ್ರಗಳೂ ದಾರಿಯಲ್ಲಿ ಒಂದನ್ನೊಂದು ಹಾದುಹೋದವು.

ತಂಡಕ್ಕೆ 38 ಮಂದಿ ಆಯ್ಕೆಯಾದರು. ಅವರಲ್ಲಿ 24 ಮಂದಿ ವಿವಿಧ ಧಾರ್ಮಿಕ ಸಂಸ್ಥೆಗಳ ಸೋದರಿಯರು. ಉಳಿದ 14 ಮಂದಿ ಆಸ್ಪತ್ರೆಗಳಲ್ಲಿ ದುಡಿದಿದ್ದ ದಾದಿಯರು. ಅಕ್ಟೋಬರ್ 21ರಂದು ಲಂಡನ್ನಿನಿಂದ ಹೊರಟ ತಂಡ ನವೆಂಬರ್ 4ರಂದು ಸ್ಕುಟಾರಿಯನ್ನು ತಲುಪಿತು. ಸೈನಿಕರ ವಸತಿಯಾಗಿದ್ದ ಭಾರಿ ಕಟ್ಟಡವೇ ಅಲ್ಲಿ ಆಸ್ಪತ್ರೆಯಾಗಿತ್ತು. ಅದರ ಕೈಸಾಲೆಗಳಲ್ಲಿ ಗಾಯಾಳುಗಳ ಸಾಲು ಮೈಲಿಗಟ್ಟಲೆ ಹಬ್ಬಿತ್ತು. ಕಟ್ಟಡದ ಅಡಿಯಲ್ಲಿ ಕೊಳಚೆಗುಂಡಿಗಳು ತುಂಬಿ ಕೊಳೆಯುತ್ತಿದ್ದವು. ಇಲಿ, ಹೇನು, ಕೂರೆಗಳಿಗೆ ಲೆಕ್ಕವಿರಲಿಲ್ಲ. ನೀರಿಗೆ ಬರ, ಸಾಬೂನಿಗೆ ಬರ, ಬ್ಯಾಂಡೇಜಿಗೆ ಬರ.

ಸೈನ್ಯದ ವೈದ್ಯರಿಗೆ ಹೆಂಗಸರ ಆಗಮನ ಸರಿಬೀಳಲಿಲ್ಲ. ಅವರು ದಾದಿಯರನ್ನು ವಾರ್ಡುಗಳೊಳಗೆ ಬಿಡಲಿಲ್ಲ. ಫ್ಲಾರೆನ್ಸ್ ಜಗಳಕ್ಕೆ ನಿಲ್ಲಲಿಲ್ಲ. ವೈದ್ಯರ ಅಪ್ಪಣೆಯಿಲ್ಲದೆ ಯಾರೂ ಯಾವ ರೋಗಿಯನ್ನೂ ಮುಟ್ಟಕೂಡದೆಂದು ತನ್ನ ತಂಡಕ್ಕೆ ಕಟ್ಟಪ್ಪಣೆ ಮಾಡಿ, ಬಟ್ಟೆ ಹೊಲಿಯುವ, ದಿಂಬು ತುಂಬುವ ಕೆಲಸಕ್ಕೆ ಅವರನ್ನು ಕೂರಿಸಿದಳು. ಕಣ್ಣೆದುರಿನಲ್ಲಿಯೇ ಸೈನಿಕರು ನರಳುತ್ತಿರುವಾಗ ಹೀಗೆ ಕೈಕಟ್ಟಿ ಕಾಯುವುದು ಸುಲಭವಾಗಿರಲಿಲ್ಲ; ದಾದಿಯರಲ್ಲಿ ಕೆಲವರು ಆಕೆಯನ್ನು ಕಲ್ಲೆದೆಯವಳೆಂದೂ ಬಗೆದರು. ಅಷ್ಟರಲ್ಲಿ ಇಂಕರ್‌ಮನ್ ಕಾಳಗದ ಗಾಯಾಳುಗಳು ಪ್ರವಾಹದಂತೆ ಬಂದಿಳಿದರು. ದಿಕ್ಕುತೋಚದ ವೈದ್ಯರು ತಾವಾಗಿಯೇ ದಾದಿಯರ ನೆರವನ್ನು ಬೇಡಿದರು. ಅಂದಿನಿಂದ ವಾರ್ಡುಗಳ ಬಾಗಿಲು ಮುಚ್ಚಲಿಲ್ಲ.

ನೆಲವನ್ನು ಉಜ್ಜುವ ಕುಂಚಗಳನ್ನು ನೂರಾರು ಸಂಖ್ಯೆಯಲ್ಲಿ ತರಿಸಿದ್ದು ಆಕೆಯ ಮೊದಲ ಕೆಲಸಗಳಲ್ಲೊಂದು. ಹತ್ತಿರದಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಹಂಡೆಗಳನ್ನು ಹೂಡಿಸಿ, ಸೈನಿಕರ ಹೆಂಡಿರಿಗೆ ಬಟ್ಟೆ ಒಗೆಯುವ ಕೆಲಸವನ್ನು ಕೊಟ್ಟಳು. ರೋಗಿಗಳ ಪಥ್ಯಕ್ಕೆಂದು ಪ್ರತ್ಯೇಕ ಅಡಿಗೆಮನೆಗಳು ಎದ್ದವು. ಹಾಳುಬಿದ್ದಿದ್ದ ವಾರ್ಡುಗಳನ್ನು ಸರಿಪಡಿಸಲು ಅಧಿಕಾರಿಗಳು ಒಬ್ಬರ ಮೇಲೊಬ್ಬರು ಹಾಕುತ್ತಿದ್ದಾಗ, ಆಕೆ ತನ್ನ ಕೈಯಲ್ಲಿದ್ದ ಹಣದಿಂದಲೇ ಕೆಲಸಗಾರರನ್ನು ಹಚ್ಚಿ ದುರಸ್ತಿಮಾಡಿಸಿದಳು. ಬರೆಯಲು ಬಾರದ ಸೈನಿಕರ ಪರವಾಗಿ ಮನೆಗೆ ಪತ್ರ ಬರೆದಳು. ಸತ್ತವರ ತಾಯಂದಿರಿಗೂ ಬರೆದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ, ಮಡಿಸಬಹುದಾದ ತುರ್ಕಿಯ ಬಟ್ಟೆಯ ಲಾಂದ್ರವನ್ನು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತ ಪ್ರತಿಯೊಬ್ಬರನ್ನೂ ನೋಡಿ ಬರುತ್ತಿದ್ದಳು. ದೀಪಧಾರಿಣಿ ಎಂಬ ಹೆಸರು ಆಕೆಗೆ ಬಂದದ್ದು ಈ ಸಂಚಾರದಿಂದಲೇ. ಅಮೆರಿಕದ ಕವಿ ಲಾಂಗ್‌ಫೆಲೋ 1857ರಲ್ಲಿ ಆಕೆಯ ಮೇಲೆ ರಚಿಸಿದ ಕವಿತೆ ಆ ಹೆಸರನ್ನು ಲೋಕದಲ್ಲೆಲ್ಲ ಹಬ್ಬಿಸಿತು.

ಇಷ್ಟು ದುಡಿದರೂ ಆ ಚಳಿಗಾಲದಲ್ಲಿ ಸ್ಕುಟಾರಿಯಲ್ಲಿ ಸಾವು ನಿಲ್ಲಲಿಲ್ಲ. ಸುಮಾರು 4,000 ಸೈನಿಕರು ಅಲ್ಲಿ ಮಡಿದರು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಬಂದ ನೂರು ಮಂದಿಯಲ್ಲಿ ಸುಮಾರು 42 ಮಂದಿ ಜೀವಂತವಾಗಿ ಹೊರಬೀಳಲಿಲ್ಲ. ಗಾಯಗಳಿಗಿಂತ ಕಾಲರಾ, ಆಮಶಂಕೆ, ವಿಷಮಜ್ವರಗಳೇ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡವು. ಮಾರ್ಚಿ ತಿಂಗಳಲ್ಲಿ ಲಂಡನ್ನಿನಿಂದ ಒಂದು ನೈರ್ಮಲ್ಯ ಆಯೋಗ ಬಂದಿತು. ಅದರ ಮುಖ್ಯಸ್ಥ ಡಾಕ್ಟರ್ ಸದರ್ಲೆಂಡ್. ಆಯೋಗದವರು ಚರಂಡಿಗಳನ್ನು ತೆಗೆಸಿ ತೊಳೆಸಿದರು, ಗೋಡೆಗಳಿಗೆ ಸುಣ್ಣ ಹೊಡೆಸಿದರು, ಗಾಳಿಬೆಳಕಿಗೆ ದಾರಿಮಾಡಿಸಿದರು. ಆಸ್ಪತ್ರೆಗೆ ಹರಿದುಬರುವ ನೀರಿನ ಹಾದಿಯನ್ನು ಶೋಧಿಸಿದಾಗ ಅದರಲ್ಲಿ ಸತ್ತ ಕುದುರೆಯೊಂದು ಕೊಳೆಯುತ್ತಿದ್ದುದು ಕಂಡಿತು. ಈ ಕೆಲಸಗಳು ನಡೆದ ಮೇಲೆ ಸಾವಿನ ಪ್ರಮಾಣ ತಿಂಗಳಿಂದ ತಿಂಗಳಿಗೆ ಇಳಿದು, ಜೂನಿನ ಹೊತ್ತಿಗೆ ನೂರಕ್ಕೆ ಎರಡರಷ್ಟಾಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ರಣರಂಗದ ಆಸ್ಪತ್ರೆಗಳನ್ನು ನೋಡಲು ಬಾಲಕ್ಲಾವಕ್ಕೆ ಹೋಗಿದ್ದ ಫ್ಲಾರೆನ್ಸ್ ತೀವ್ರವಾದ ಜ್ವರಕ್ಕೆ ತುತ್ತಾಗಿ ಸಾವಿನ ಅಂಚಿಗೆ ಹೋಗಿಬಂದಳು. ಚೇತರಿಸಿಕೊಂಡರೂ ಮೊದಲಿನ ಆರೋಗ್ಯ ಮತ್ತೆ ದೊರೆಯಲಿಲ್ಲ. ಆದರೂ ಯುದ್ಧ ಮುಗಿದು ಕೊನೆಯ ರೋಗಿ ಹೊರಡುವವರೆಗೂ ಆಕೆ ಸ್ಥಳ ಬಿಟ್ಟು ಕದಲಲಿಲ್ಲ. 1856ರ ಆಗಸ್ಟಿನಲ್ಲಿ ಇಂಗ್ಲೆಂಡಿಗೆ ಮರಳಿದಾಗ ಮೆರವಣಿಗೆ, ಸನ್ಮಾನಗಳಿಗೆ ದೇಶವೇ ಸಿದ್ಧವಾಗಿತ್ತು. ಆಕೆ ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣಮಾಡಿ, ಯಾರ ಕಣ್ಣಿಗೂ ಬೀಳದೆ ತಂದೆಯ ಮನೆಯನ್ನು ಸೇರಿದಳು.

ಕೀರ್ತಿ ಬಂದಿತ್ತು; ಆದರೆ ಸತ್ತ ಸೈನಿಕರನ್ನು ಮರೆಯಲು ಆಕೆಗೆ ಸಾಧ್ಯವಾಗಲಿಲ್ಲ. ಅವರು ಏಕೆ ಸತ್ತರೆಂಬ ಪ್ರಶ್ನೆ ಆಕೆಯನ್ನು ಹಗಲಿರುಳೂ ಕೊರೆಯಿತು. ಸೆಪ್ಟೆಂಬರಿನಲ್ಲಿ ವಿಕ್ಟೋರಿಯ ರಾಣಿಯನ್ನು ಬಾಲ್ಮೋರಲ್ ಅರಮನೆಯಲ್ಲಿ ಕಂಡು, ಸೈನ್ಯದ ಆರೋಗ್ಯದ ವಿಚಾರಣೆಗೆ ರಾಜಾಯೋಗವೊಂದು ನೇಮಕವಾಗಬೇಕೆಂದು ಮನವರಿಕೆ ಮಾಡಿಕೊಟ್ಟಳು. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನ ನೆರವಿನಿಂದ ಸಾವುಗಳ ಅಂಕಿಗಳನ್ನು ಕಲೆಹಾಕಿ ತೂಗಿನೋಡಿದಳು. ಕೆಟ್ಟ ಆಹಾರ, ಅತಿಯಾದ ಬಳಲಿಕೆ, ತಡವಾಗಿ ದೊರೆತ ಚಿಕಿತ್ಸೆ ಇವೇ ಸಾವಿಗೆ ಕಾರಣಗಳೆಂದು ಆಕೆ ಅದುವರೆಗೆ ನಂಬಿದ್ದಳು. ಅಂಕಿಗಳು ಬೇರೆಯೇ ಮಾತನ್ನು ಹೇಳಿದವು. ಚರಂಡಿಗಳ ವಿಷ, ಇಕ್ಕಟ್ಟು, ಗಾಳಿಯಿಲ್ಲದ ಕೋಣೆಗಳೇ ಸೈನಿಕರನ್ನು ಕೊಂದಿದ್ದವು. ತಾನು ಹಗಲಿರುಳು ದುಡಿದ ಆಸ್ಪತ್ರೆಯೇ ಸಾವಿನ ಗೂಡಾಗಿತ್ತು. ಈ ಸತ್ಯ ಬಹಳ ಕಹಿಯಾದುದು. ಅದನ್ನು ಮುಚ್ಚಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಫ್ಲಾರೆನ್ಸ್ ಅದನ್ನು ಮುಚ್ಚಿಡಲಿಲ್ಲ.

ಬರಿಯ ಅಂಕಿಗಳ ಪಟ್ಟಿಯನ್ನು ಮಂತ್ರಿಗಳು ಓದಲಾರರೆಂದು ತಿಳಿದು, ಆಕೆ ಅವನ್ನು ಚಿತ್ರದ ರೂಪಕ್ಕೆ ತಂದಳು. ವೃತ್ತವನ್ನು ಹನ್ನೆರಡು ತಿಂಗಳುಗಳಿಗೆ ಹನ್ನೆರಡು ಎಸಳುಗಳಾಗಿ ವಿಭಾಗಿಸಿ, ತಡೆಯಬಹುದಾಗಿದ್ದ ರೋಗಗಳಿಂದಾದ ಸಾವುಗಳಿಗೆ ನೀಲಿ, ಗಾಯಗಳಿಂದಾದ ಸಾವುಗಳಿಗೆ ಕೆಂಪು, ಉಳಿದವುಗಳಿಗೆ ಕಪ್ಪು ಬಣ್ಣ ಕೊಟ್ಟಳು. ನೀಲಿಯ ಮುಂದೆ ಕೆಂಪು ಎಷ್ಟು ಚಿಕ್ಕದೆಂಬುದು ನೋಡಿದೊಡನೆ ತಿಳಿಯುತ್ತಿತ್ತು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಸದಸ್ಯೆಯನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಆಕೆಯೇ. ಆಯೋಗದ ಸಲಹೆಗಳಂತೆ ಸೈನ್ಯದ ವಸತಿಗಳೂ ಆಸ್ಪತ್ರೆಗಳೂ ಸುಧಾರಿಸತೊಡಗಿದವು.

ಯುದ್ಧ ನಡೆಯುತ್ತಿದ್ದಾಗಲೇ ಇಂಗ್ಲೆಂಡಿನ ಜನ ಆಕೆಯ ಹೆಸರಿನಲ್ಲಿ ನಿಧಿಯೊಂದನ್ನು ಕೂಡಿಸಿದ್ದರು. ಅದರಲ್ಲಿ ಸುಮಾರು 45,000 ಪೌಂಡುಗಳು ಸೇರಿದವು. ಸೈನಿಕರೂ ತಮ್ಮ ಅಲ್ಪ ವೇತನದಲ್ಲಿ ಪಾಲು ಕೊಟ್ಟಿದ್ದರು. ಆ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ದಾದಿಯರಿಗೆ ಕಲಿಸುವುದಾದರೂ ಏನಿದೆ, ಅವರು ಮನೆಗೆಲಸದವರಂತೆ ತಾನೆ ಎಂದು ಹೀಗಳೆದ ವೈದ್ಯರೂ ಇದ್ದರು. ಮೊದಲ ತಂಡದಲ್ಲಿ 15 ವಿದ್ಯಾರ್ಥಿನಿಯರು ಸೇರಿದರು. ವಯಸ್ಸು 25ರಿಂದ 35ರೊಳಗೆ ಇರಬೇಕು. ಸನ್ನಡತೆಯ ಪ್ರಮಾಣಪತ್ರ ತರಬೇಕು. ಒಂದು ವರ್ಷ ಆಸ್ಪತ್ರೆಯಲ್ಲಿಯೇ ವಾಸಿಸಿ ಕಲಿಯಬೇಕು. ವಸತಿ, ಊಟ, ಸಮವಸ್ತ್ರಗಳನ್ನು ಉಚಿತವಾಗಿ ಕೊಟ್ಟು, ಕೈಖರ್ಚಿಗೆ ವರ್ಷಕ್ಕೆ 10 ಪೌಂಡುಗಳನ್ನು ಕೊಡುತ್ತಿದ್ದರು. ಮೇಲ್ವಿಚಾರಕಿ ವಾರ್ಡ್ರೋಪರ್ ಎಂಬ ಮಹಿಳೆ ಪ್ರತಿ ತಿಂಗಳೂ ಒಬ್ಬೊಬ್ಬರ ಬಗ್ಗೆಯೂ ವರದಿ ಬರೆಯುತ್ತಿದ್ದಳು. ಹೊತ್ತಿಗೆ ಸರಿಯಾಗಿ ಬರುವರೇ, ಸದ್ದಿಲ್ಲದೆ ನಡೆದಾಡುವರೇ, ನಂಬಿಕೆಗೆ ಅರ್ಹರೇ, ಶುಚಿಯಾಗಿರುವರೇ, ಗಾಯ ಕಟ್ಟುವುದನ್ನು ಬಲ್ಲರೇ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ವರ್ಷವನ್ನು ಚೆನ್ನಾಗಿ ಮುಗಿಸಿದವರ ಹೆಸರು ಶಾಲೆಯ ಪುಸ್ತಕವನ್ನು ಸೇರುತ್ತಿತ್ತು. ಹೀಗೆ ದಾದಿಯ ಕೆಲಸಕ್ಕೆ ಪ್ರವೇಶದ ಬಾಗಿಲೊಂದು ಏರ್ಪಟ್ಟಿತು. ಬೇರೆ ಗತಿಯಿಲ್ಲದವರು ಬೀಳುವ ಗುಂಡಿಯಾಗಿದ್ದ ಕಸುಬು, ಯೋಗ್ಯತೆಯುಳ್ಳವರು ಹತ್ತುವ ಮೆಟ್ಟಿಲಾಯಿತು.

ಈ ಶಾಲೆಯಲ್ಲಿ ಕಲಿತವರು ದೇಶವಿದೇಶಗಳಿಗೆ ಹೋದರು. 1865ರಲ್ಲಿ ಆಗ್ನಿಸ್ ಜೋನ್ಸ್ ಲಿವರ್‌ಪೂಲಿನ ಅನಾಥಾಲಯದ ಆಸ್ಪತ್ರೆಗೆ ಹೋಗಿ ಅದನ್ನು ತಿದ್ದಿ, ಮೂರು ವರ್ಷಗಳಲ್ಲಿ ವಿಷಮಜ್ವರಕ್ಕೆ ತನ್ನ ಪ್ರಾಣವನ್ನೇ ತೆತ್ತಳು. 1868ರಲ್ಲಿ ಲೂಸಿ ಆಸ್‌ಬರ್ನ್ ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಈ ಪದ್ಧತಿಗೆ ತಳಹದಿ ಹಾಕಿದಳು. ಫ್ಲಾರೆನ್ಸ್ ಬರೆದ ಶುಶ್ರೂಷೆಯ ಮೇಲಿನ ಚಿಕ್ಕ ಪುಸ್ತಕ ಸಾಮಾನ್ಯ ಗೃಹಿಣಿಯರ ಕೈಯನ್ನೂ ಸೇರಿತು. ರೋಗಿಯ ಕೋಣೆಗೆ ಶುದ್ಧವಾದ ಗಾಳಿ, ಬೆಳಕು, ಶುದ್ಧವಾದ ನೀರು, ಹಿತವಾದ ಆಹಾರ, ನಿಶ್ಶಬ್ದ ಇವು ಔಷಧದಷ್ಟೇ ಅವಶ್ಯಕವೆಂದು ಅದರಲ್ಲಿ ಆಕೆ ತಿಳಿಸಿದಳು.

ಭಾರತವನ್ನು ಆಕೆ ಎಂದೂ ಕಾಣಲಿಲ್ಲ. ಆದರೆ ಭಾರತದ ಚಿಂತೆ ದಶಕಗಳ ಕಾಲ ಆಕೆಯನ್ನು ಬಿಡಲಿಲ್ಲ. ಇಲ್ಲಿನ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ನೇಮಕವಾದ ಆಯೋಗಕ್ಕಾಗಿ ಆಕೆ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ದಂಡಿನ ಠಾಣೆಗಳಿಗೆಲ್ಲ ಕಳುಹಿಸಿದಳು. ಗಾಡಿಗಟ್ಟಲೆ ಬಂದ ಉತ್ತರಗಳನ್ನು ಹಾಸಿಗೆಯಲ್ಲಿ ಮಲಗಿಯೇ ಪರಿಶೀಲಿಸಿದಳು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿರುವರೆಂದು 1863ರ ವರದಿ ಬಯಲಿಗೆಳೆಯಿತು. ಚರಂಡಿ, ನೀರು, ವಸತಿಗಳ ಸುಧಾರಣೆಯಿಂದ ಹತ್ತು ವರ್ಷಗಳಲ್ಲಿ ಆ ಸಂಖ್ಯೆ 18ಕ್ಕೆ ಇಳಿಯಿತು. ಕ್ರಮೇಣ ಆಕೆಯ ದೃಷ್ಟಿ ದಂಡಿನಿಂದ ಹಳ್ಳಿಗಳತ್ತ ಹೊರಳಿತು. ಮದರಾಸು, ಮುಂಬಯಿ ಪ್ರಾಂತಗಳನ್ನೂ ನಮ್ಮ ಮೈಸೂರು ಸೀಮೆಯನ್ನೂ ತತ್ತರಗೊಳಿಸಿದ 1876-78ರ ಕ್ಷಾಮದ ವೇಳೆಯಲ್ಲಿ, ರೈತನಿಗೆ ನೀರಾವರಿ ಬೇಕು, ಸಾಲಗಾರರ ಹಿಡಿತದಿಂದ ಬಿಡುಗಡೆ ಬೇಕು ಎಂದು ಆಕೆ ಇಂಗ್ಲೆಂಡಿನ ಪತ್ರಿಕೆಯಲ್ಲಿ ವಾದಿಸಿ ಬರೆದಳು.

ಆಕೆಯ ವೃದ್ಧಾಪ್ಯದಲ್ಲಿ ದಾದಿಯರ ನೋಂದಣಿಯ ವಿಷಯವಾಗಿ ದೊಡ್ಡ ವಾದವೊಂದು ಎದ್ದಿತು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಮೇಟ್ರನ್ ಆಗಿದ್ದ ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ 1887ರಲ್ಲಿ ದಾದಿಯರ ಸಂಘವೊಂದನ್ನು ಕಟ್ಟಿದಳು. ವೈದ್ಯರಿಗೆ ಇರುವಂತೆ ದಾದಿಯರಿಗೂ ಕಾಯಿದೆಯ ಆಧಾರವಿರಬೇಕು. ಮೂರು ವರ್ಷ ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾದವರ ಹೆಸರು ಮಾತ್ರ ಸರ್ಕಾರದ ಪಟ್ಟಿಯಲ್ಲಿ ಇರಬೇಕು. ತರಬೇತಿಯಿಲ್ಲದವರು ದಾದಿಯೆಂದು ಹೇಳಿಕೊಂಡು ರೋಗಿಗಳನ್ನು ವಂಚಿಸದಂತೆ ಆಗಬೇಕು ಎಂಬುದು ಆಕೆಯ ವಾದ. ದಾದಿಯರ ಗುರುವೆನಿಸಿದ ಫ್ಲಾರೆನ್ಸ್ ಇದನ್ನು ಒಪ್ಪಲಿಲ್ಲ ಎಂಬುದು ಹಲವರಿಗೆ ಆಶ್ಚರ್ಯ ತಂದಿತು. ಪರೀಕ್ಷೆ ತಿಳಿವಳಿಕೆಯನ್ನು ಅಳೆಯಬಲ್ಲದೇ ಹೊರತು ತಾಳ್ಮೆಯನ್ನೂ ಮನಸ್ಸಾಕ್ಷಿಯನ್ನೂ ಅಳೆಯಲಾರದು. ಇಂದು ಪಟ್ಟಿಗೆ ಸೇರಿದವಳು ಹತ್ತು ವರ್ಷಗಳ ನಂತರವೂ ಯೋಗ್ಯಳಾಗಿಯೇ ಉಳಿದಿರುವಳೆಂದು ಪಟ್ಟಿ ಹೇಗೆ ಹೇಳೀತು ಎಂಬುದು ಆಕೆಯ ಶಂಕೆ. ಇಬ್ಬರೂ ರೋಗಿಯ ಹಿತವನ್ನೇ ಬಯಸಿದವರು. ಹಿಡಿದ ದಾರಿಗಳು ಮಾತ್ರ ಬೇರೆ.

ಕಾಲ ನೋಂದಣಿಯ ಪರವಾಗಿ ತೀರ್ಪಿತ್ತಿತು. ನ್ಯೂಜಿಲೆಂಡ್ ದೇಶ 1901ರಲ್ಲಿಯೇ ದಾದಿಯರ ನೋಂದಣಿಗಾಗಿ ಕಾಯಿದೆ ಮಾಡಿತು. ಇಂಗ್ಲೆಂಡಿನಲ್ಲಿ ಮೂವತ್ತು ವರ್ಷಗಳ ವಾದದ ಬಳಿಕ 1919ರಲ್ಲಿ ಕಾಯಿದೆ ಬಂದಿತು. ಅದರಂತೆ 1921ರಲ್ಲಿ ತೆರೆದ ಪುಸ್ತಕದ ಮೊದಲ ಸಂಖ್ಯೆ ಎಥೆಲ್ ಫೆನ್‌ವಿಕ್‌ಳದು. ಭಾರತದಲ್ಲಿ 1926ರಲ್ಲಿ ಮದರಾಸು ಪ್ರಾಂತ ಇಂತಹ ಕಾಯಿದೆಯನ್ನು ಮಾಡಿತು. ಅಂದು ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಅದರ ವ್ಯಾಪ್ತಿಗೆ ಬಂದವು. 1947ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು; ಅದರ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಇಂದು ಹೆಣ್ಣುಮಕ್ಕಳಂತೆ ಗಂಡುಮಕ್ಕಳೂ ಈ ವೃತ್ತಿಯನ್ನು ಪ್ರವೇಶಿಸುತ್ತಿದ್ದಾರೆ. ಫ್ಲಾರೆನ್ಸಳ ಶಂಕೆಯಾದರೋ ಅಳಿದಿಲ್ಲ. ನೋಂದಣಿಯ ಪತ್ರ ವೃತ್ತಿಯ ಬಾಗಿಲನ್ನು ತೆರೆಯುತ್ತದೆ; ಒಳಗೆ ಹೋದ ಮೇಲೆ ನಡುರಾತ್ರಿಯ ನರಳಿಕೆಗೆ ಎದ್ದು ಓಡಬೇಕೆನ್ನುವ ಮನಸ್ಸನ್ನು ಪ್ರತಿಯೊಬ್ಬರೂ ತಾವೇ ಬೆಳೆಸಿಕೊಳ್ಳಬೇಕು.

ಕ್ರಿಮಿಯದಿಂದ ಮರಳಿದ ಮೇಲೆ ಫ್ಲಾರೆನ್ಸ್ ಬಹುಪಾಲು ದಿನಗಳನ್ನು ತನ್ನ ಕೋಣೆಯಲ್ಲಿಯೇ ಕಳೆದಳು. ಕೊನೆಯ ವರ್ಷಗಳಲ್ಲಿ ದೃಷ್ಟಿಯೂ ನಂದಿತು. 1907ರಲ್ಲಿ ಬ್ರಿಟಿಷ್ ದೊರೆ ಆಕೆಗೆ ಆರ್ಡರ್ ಆಫ್ ಮೆರಿಟ್ ಪದವಿಯನ್ನಿತ್ತನು. ಅದನ್ನು ಪಡೆದ ಮೊದಲ ಮಹಿಳೆ ಆಕೆ. 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ಲಂಡನ್ನಿನಲ್ಲಿ ನಿದ್ರೆಯಲ್ಲಿಯೇ ಕಣ್ಮುಚ್ಚಿದಳು. ಆಕೆಯ ಹುಟ್ಟುಹಬ್ಬವಾದ ಮೇ 12ನ್ನು ಲೋಕವೆಲ್ಲ ದಾದಿಯರ ದಿನವೆಂದು ಆಚರಿಸುತ್ತಿದೆ. ಭಾರತ ಸರ್ಕಾರ 1973ರಲ್ಲಿ ಆಕೆಯ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿ, ಸೇವೆಯಲ್ಲಿ ಹೆಸರಾದ ದಾದಿಯರನ್ನು ಗೌರವಿಸಲಾರಂಭಿಸಿತು.

ರಾಜರೂ ಮಹಾಪುರುಷರೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆಕೆಯ ಸಮಾಧಿ ಆಗಲೆಂದು ಸರ್ಕಾರ ಬಯಸಿತ್ತು. ಆಡಂಬರವನ್ನು ಒಲ್ಲದ ಆಕೆಯ ಇಚ್ಛೆಯನ್ನು ಮನ್ನಿಸಿ ಬಂಧುಗಳು ಅದನ್ನು ನಯವಾಗಿ ನಿರಾಕರಿಸಿದರು. ಹ್ಯಾಂಪ್‌ಷೈರಿನ ಈಸ್ಟ್ ವೆಲ್ಲೊ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ತಂದೆತಾಯಿಗಳ ಬಳಿಯಲ್ಲಿ, ಆಕೆಯನ್ನು ಮಣ್ಣುಮಾಡಿದರು. ಅಲ್ಲಿನ ಕಲ್ಲಿನ ಮೇಲೆ ಆಕೆಯ ಪೂರ್ಣ ಹೆಸರೂ ಇಲ್ಲ, ಬಿರುದುಗಳೂ ಇಲ್ಲ. ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ದಿನ, ಸತ್ತ ದಿನ ಇಷ್ಟನ್ನು ಮಾತ್ರ ಕೊರೆಯಲಾಗಿದೆ.